ಮನೆಯಿಂದ ಕೆಲಸ ಮಾಡುವವರ ಖರ್ಚಿಗೂ ಒಂದು ದರ ಬೇಕು

ತೀರ್ಥಹಳ್ಳಿ, ಸಾಗರದ ಕಡೆ ತೋಟದ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರು ಈಗ ಎಷ್ಟೋ ಜನ ಇದ್ದಾರೆ. ಕೋವಿಡ್ ಕಾಲದಲ್ಲಿ ಊರಿಗೆ ಬಂದು, ಅಪ್ಪ ಅಮ್ಮನ ಜೊತೆ ಇರೋಣ ಅಂತ ಉಳಿದವರು. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಗೊತ್ತಿಲ್ಲ, ಹಾಗಾಗಿ ಇನ್ವರ್ಟರ್ ಬೇಕು, ದೊಡ್ಡ ಬ್ಯಾಟರಿ ಬೇಕು, ಒಂದು ನೆಟ್ ಕೈಕೊಟ್ಟರೆ ಇನ್ನೊಂದು ಇರಬೇಕು. ಇದೆಲ್ಲ ದುಡಿಯೋದಕ್ಕೆ ಮಾಡುವ ಖರ್ಚೇ ಅಲ್ವಾ? ಆದರೆ ಸಂಬಳದವರ ಆದಾಯ ತೆರಿಗೆ ರಿಟರ್ನ್‌ನಲ್ಲಿ ಮಾತ್ರ ಇದಕ್ಕೆ ಜಾಗವಿಲ್ಲ.

ನಾನಿರುವ ಆಸ್ಟ್ರೇಲಿಯಾದಲ್ಲಿ ಸಂಬಳದವರಿಗೂ ಜಾಗ ಇದೆ. 2024-25ರಿಂದ ಮನೆಯಲ್ಲಿ ಕೆಲಸ ಮಾಡಿದ ಗಂಟೆಗೆ 70 ಸೆಂಟ್‌ನಂತೆ ತೆರಿಗೆ ಬೀಳುವ ಆದಾಯದಿಂದ ಕಳೆಯಬಹುದು. ಕರೆಂಟು, ನೆಟ್, ಫೋನು ಅದರೊಳಗೇ ಬಂತು. ಕುರ್ಚಿ, ಲ್ಯಾಪ್‌ಟಾಪಿನ ಸವಕಳಿಯನ್ನು (ಬಳಸುತ್ತಾ ಬೆಲೆ ಇಳಿಯುವ ಲೆಕ್ಕ) ಬೇರೆಯಾಗಿ ಕಳೆಯಬಹುದು. ಆದರೆ ವರ್ಷಪೂರ್ತಿ ಗಂಟೆ ಬರೆದಿಡಬೇಕು, ಅಂದಾಜು ನಡೆಯುವುದಿಲ್ಲ. ಕೆಲಸಕ್ಕೆ ಓಡಿಸಿದ ಕಾರಿಗೆ 2025-26ರ ದರದಂತೆ ಕಿಲೋಮೀಟರಿಗೆ 88 ಸೆಂಟ್, ಅದೂ 5,000 ಕಿಲೋಮೀಟರ್‌ವರೆಗೆ. ಜಾಸ್ತಿ ಓಡಿಸುವವರು 12 ವಾರ ಬಿಡದೆ ಲಾಗ್‌ಬುಕ್ (ಓಡಾಟದ ದಾಖಲೆ) ಬರೆದರೆ ಅದು 5 ವರ್ಷಕ್ಕೆ ಆಗುತ್ತದೆ. ಮನೆಯಿಂದ ಆಫೀಸಿಗೆ ಹೋಗಿಬರುವುದು ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ, ಅದು ಸರಿಯೇ.

ನಮ್ಮ ಭಾರತದಲ್ಲಿ ಸ್ವಂತ ವೃತ್ತಿಯವರಿಗೆ ದಾರಿ ಇದೆ. ಸಾಗರದ ಇಂಜಿನಿಯರ್ ಒಬ್ಬರು ಹೊಸನಗರದ ಸೈಟಿಗೆ ಕಾರಿನಲ್ಲಿ ಹೋಗುತ್ತಾರೆ ಅಂದುಕೊಳ್ಳಿ. ಲೆಕ್ಕ ಇಟ್ಟಿದ್ದರೆ ಕೆಲಸದ ಪಾಲಿನ ಪೆಟ್ರೋಲು, ಕಾರಿನ ಸವಕಳಿ ಎರಡನ್ನೂ ಕಳೆಯಬಹುದು. ಅಥವಾ ಅಂದಾಜು ಲಾಭದ ದಾರಿ (ಆಡಿಟರ್‌ಗಳ ಬಾಯಲ್ಲಿ 44ಎಡಿಎ) ಹಿಡಿದು, ಬಂದ ಹಣದಲ್ಲಿ ಕನಿಷ್ಠ ಅರ್ಧ ಲಾಭ ಅಂತ ತೋರಿಸಿದರೆ ಮುಗಿಯಿತು. ಆಮೇಲೆ ಪೆಟ್ರೋಲು, ಬಾಡಿಗೆ ಅಂತ ಬೇರೆ ಕಳೆಯುವ ಹಾಗಿಲ್ಲ.

ಸಂಬಳದವರಿಗೆ ಮಾತ್ರ ಎಲ್ಲರಿಗೂ ಒಂದೇ ಅಳತೆ. ಹೊಸ ತೆರಿಗೆ ಪದ್ಧತಿಯಲ್ಲಿ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ಸಂಬಳದಿಂದ ನೇರವಾಗಿ ಕಳೆಯುವ ಮೊತ್ತ. ರಸೀದಿ ಕೇಳುವುದಿಲ್ಲ, ಆ ಅನುಕೂಲ ದೊಡ್ಡದು, ಒಪ್ಪುತ್ತೇನೆ. ಆದರೆ ಕಂಪನಿಯ ಕರೆಂಟಿನಲ್ಲಿ, ಕಂಪನಿಯ ಕುರ್ಚಿಯಲ್ಲಿ ಕೂತವರಿಗೂ ಅಷ್ಟೇ, ಸ್ವಂತ ದುಡ್ಡಲ್ಲಿ ಬ್ಯಾಟರಿ ಬದಲಿಸಿಕೊಂಡು ಕೆಲಸ ಮಾಡಿದವರಿಗೂ ಅಷ್ಟೇ ಅಂದರೆ ಹೇಗೆ?

ಸುಳ್ಳು ಲೆಕ್ಕ ಬರುತ್ತದೆ ಅನ್ನುವವರಿದ್ದಾರೆ. ಹಳೆ ಪದ್ಧತಿಯಲ್ಲಿ ಸುಳ್ಳು ಬಾಡಿಗೆ ರಸೀದಿ ಕೊಟ್ಟವರೂ ಇದ್ದರು, ಹಾಗಂತ ಮನೆ ಬಾಡಿಗೆಯ ವಿನಾಯಿತಿಯನ್ನೇ ಕಿತ್ತು ಹಾಕಲಿಲ್ಲವಲ್ಲ. ಇಲ್ಲಿ ತಾಳೆ ನೋಡುವುದು ಇನ್ನೂ ಸುಲಭ. ಯಾರು ಎಷ್ಟು ದಿನ ಮನೆಯಿಂದ ಕೆಲಸ ಮಾಡಿದರು ಅನ್ನುವುದು ಕಂಪನಿಗೆ ಗೊತ್ತಿರುತ್ತದೆ. ಸಂಬಳದಲ್ಲಿ ಹಿಡಿದ ತೆರಿಗೆಗೆ ಕಂಪನಿ ಕೊಡುವ ಪ್ರಮಾಣಪತ್ರದ ಜೊತೆ ಅದನ್ನೂ ಬರೆದುಕೊಡಲಿ, ದಿನಕ್ಕೆ ಇಷ್ಟು ಅಂತ ಸರ್ಕಾರ ಒಂದು ದರ ಇಡಲಿ, ಮೇಲೊಂದು ಮಿತಿಯನ್ನೂ ಹಾಕಲಿ.