ಎಡಗೈ

ಟಕ್ ಅಂತ ಸದ್ದಾಯಿತು. ಕ್ಲಿಪ್ಪರ್‌ನ ಬಾಯಿ ಮುಚ್ಚಿತು, ಸಿಪಾಯಿಯ ಎಡಗೈ ಪ್ಲಾಸ್ಟಿಕ್ ಚೌಕಟ್ಟಿನಿಂದ ಕಳಚಿಕೊಂಡಿತು, ನನ್ನ ಕಿವಿಯ ಪಕ್ಕ ಏನೋ ಹಾರಿಹೋದ ಹಾಗಾಯಿತು. ಆಮೇಲೆ ನೆಲದ ಕಡೆಯಿಂದ ಸಣ್ಣಗೆ ‘ಟಿಕ್’. ಒಂದೇ ಸಲ. ಇನ್ನೊಂದು ಸಲ ಪುಟಿದಿದ್ದರೆ ಯಾವ ದಿಕ್ಕಿಗೆ ಹೋಯಿತು ಅಂತಾದರೂ ತಿಳಿಯುತ್ತಿತ್ತು.

ಆ ಹೊತ್ತಿಗೆ ಅಕ್ಕನ ಮಗ ಫೋನಿನಲ್ಲಿದ್ದ. ಅವನಿಗೂ ಈಗ ಪುಟ್ಟ ಗೊಂಬೆಗಳಿಗೆ ಬಣ್ಣ ಹಚ್ಚುವ ಹುಚ್ಚು ಹಿಡಿದಿದೆ. ನನ್ನಿಂದಲೇ ಅಂಟಿದ್ದು ಅಂತ ಅಕ್ಕನ ದೂರು.

“ಮಾಮಾ, ಮನೇಲಿ ಒಂದು ಟೇಬಲ್ ರೆಡಿ ಮಾಡ್ಕೋಬೇಕು. ಏನೇನು ಬೇಕು ಹೇಳಿ, ಬರ್ಕೊಳ್ತೀನಿ.”

“ಆಮೇಲೆ ಮಾಡ್ತೀನಿ ಕಣೋ. ಕೈ ಹೋಯ್ತು.”

“ಅಯ್ಯೋ! ರಕ್ತ ಬರ್ತಿದೆಯಾ?”

ಫೋನ್ ಇಟ್ಟೆ. ಇಂಥ ಹೊತ್ತಿನಲ್ಲಿ ವಿವರಿಸುತ್ತಾ ಕೂರುವುದಕ್ಕೆ ಆಗುವುದಿಲ್ಲ. ಬಿದ್ದ ಜಾಗ ಮನಸ್ಸಿನಲ್ಲಿ ಇರುವುದು ಹತ್ತು ಸೆಕೆಂಡ್ ಮಾತ್ರ.

ಸಿಪಾಯಿಯ ಎತ್ತರ 28 ಮಿಲಿಮೀಟರ್. ಅದೂ ಪಾದದಿಂದ ಕಣ್ಣಿನ ತನಕ. ತಲೆಯ ಮೇಲಿನ ಶಿರಸ್ತ್ರಾಣ ಲೆಕ್ಕಕ್ಕಿಲ್ಲ. ಇಂಥವನ ಮುಂಗೈ ಎಷ್ಟಿರುತ್ತದೆ ಅಂತ ನೀವೇ ಅಂದಾಜು ಮಾಡಿ. ಪ್ಲಾಸ್ಟಿಕ್ ಬೂದು ಬಣ್ಣದ್ದು. ನಮ್ಮ ನೆಲವೂ ಬೂದು ಬಣ್ಣದ್ದೇ. ಬಣ್ಣಗಳ ಬಗ್ಗೆ ಇಷ್ಟೆಲ್ಲ ಯೋಚಿಸುವ ಜನ ಗೊಂಬೆಯನ್ನು ಮಾತ್ರ ಯಾಕೆ ನೆಲದ ಬಣ್ಣದಲ್ಲೇ ಅಚ್ಚು ಹಾಕುತ್ತಾರೋ! ಕಿತ್ತಳೆ ಬಣ್ಣದಲ್ಲಿ ಮಾಡಿದ್ದರೆ ಯಾರ ಗಂಟು ಹೋಗುತ್ತಿತ್ತು? ಹೇಗಿದ್ದರೂ ಮೇಲೆ ಪ್ರೈಮರ್ ಹೊಡೆಯುತ್ತೇವೆ, ಅಲ್ವಾ?

ಹುಡುಕುವುದಕ್ಕೂ ಒಂದು ಪದ್ಧತಿ ಇದೆ. ಮೊದಲು ಅಲ್ಲಾಡಬಾರದು. ಕುರ್ಚಿಗೆ ಚಕ್ರ ಇದ್ದರಂತೂ ಉಸಿರು ಬಿಗಿಹಿಡಿಯಬೇಕು. ತೊಡೆ ನೋಡಿಕೊಳ್ಳಬೇಕು, ತೋಳಿನ ಮಡಿಕೆ ನೋಡಿಕೊಳ್ಳಬೇಕು, ಪ್ಯಾಂಟಿನ ತುದಿ ಬಿಚ್ಚಿ ಕೊಡವಬೇಕು. ಆಮೇಲೆ ಮೆಲ್ಲಗೆ ಇಳಿದು ಕೋಣೆಯ ದೀಪ ಆರಿಸಬೇಕು. ಹೌದು, ಆರಿಸಬೇಕು. ಮೇಲಿನಿಂದ ಬೆಳಕು ಬಿದ್ದರೆ ನೆಲದ ಮೇಲಿನ ಸಣ್ಣ ವಸ್ತುವಿಗೆ ನೆರಳೇ ಇರುವುದಿಲ್ಲ. ಟಾರ್ಚನ್ನು ನೆಲದ ಮೇಲೇ ಮಲಗಿಸಿ ಬೆಳಕು ಬಿಟ್ಟರೆ ಒಂದು ಮಿಲಿಮೀಟರ್ ಕಸಕ್ಕೂ ಗೇಣುದ್ದದ ನೆರಳು. ಆಗ ಕೆನ್ನೆಯನ್ನು ನೆಲಕ್ಕೆ ಒತ್ತಿ, ಒಂದು ಕಣ್ಣು ಮುಚ್ಚಿ, ನೆರಳುಗಳನ್ನು ಒಂದೊಂದಾಗಿ ವಿಚಾರಣೆ ಮಾಡಬೇಕು.

ನಾನು ಹಾಗೆ ಮಲಗಿದ್ದಾಗ ನನ್ನ ಹೆಂಡತಿ ಬಾಗಿಲಿಗೆ ಬಂದಳು.

“ರೀ, ಕತ್ತಲಲ್ಲಿ ಏನು ಹುಡುಕ್ತಿದೀರಾ?”

“ಕೈ.”

“ಯಾರದು?”

ಇದಕ್ಕೆ ಏನು ಹೇಳುವುದು? ಅವನಿಗೆ ಇನ್ನೂ ಮುಖವೇ ಬರೆದಿರಲಿಲ್ಲ.

ಮೊದಲ ಅರ್ಧ ಗಂಟೆಯಲ್ಲಿ ಸಿಕ್ಕಿದ್ದು ಇಷ್ಟು: ಬಣ್ಣದ ಬಾಟಲಿಯ ಒಂದು ಮುಚ್ಚಳ, ಬಣ್ಣ ಕಲಕುವುದಕ್ಕೆ ಬಾಟಲಿಯೊಳಗೆ ಹಾಕುವ ಎರಡು ಸ್ಟೀಲ್ ಗುಂಡು, ಚಾಕುವಿನ ಮುರಿದ ತುದಿ, ಮತ್ತು ಹೋದ ವರ್ಷ ಹೆಂಡತಿ ಎರಡು ದಿನ ಹುಡುಕಿ ಕೈಬಿಟ್ಟ ಓಲೆಯ ತಿರುಪು. ಚಾಕುವಿನ ತುದಿ ಸಿಕ್ಕಿದ್ದನ್ನು ನಾನು ಯಾರಿಗೂ ಹೇಳಲಿಲ್ಲ. ತಿರುಪನ್ನು ಮಾತ್ರ ದೊಡ್ಡದಾಗಿ ತೋರಿಸಿದೆ. ಅವಳು ತೆಗೆದುಕೊಂಡು, “ನಾನು ಹುಡುಕುವಾಗ ನೀವು ಟಾರ್ಚ್ ತಂದಿರಲಿಲ್ಲ” ಅಂದು ಒಳಗೆ ಹೋದಳು.

ಮಂಚದ ಕಾಲಿನ ಹಿಂದೆ ಒಂದು ಕೈ ಸಿಕ್ಕಿತು. ಎದೆ ಡವಡವ ಅಂದಿತು. ಚಿಮಟದಲ್ಲಿ ಹಿಡಿದು ದೀಪದ ಕೆಳಗೆ ತಂದೆ. ಬಲಗೈ.

ಆಮೇಲೆ ವ್ಯಾಕ್ಯೂಮ್ ಕ್ಲೀನರ್. ಅದರ ಬಾಯಿಗೆ ತೆಳ್ಳನೆಯ ಕಾಲುಚೀಲ ಎಳೆದು ಬಿಗಿಯಾಗಿ ಕಟ್ಟಿದರೆ, ಎಳೆದುಕೊಂಡ ಚೂರು ಒಳಗೆ ಹೋಗದೆ ಬಟ್ಟೆಗೆ ಅಂಟಿ ನಿಲ್ಲುತ್ತದೆ. ಉಪಾಯ ಒಳ್ಳೆಯದೇ. ಇಡೀ ಕೋಣೆಯ ಕೂದಲು, ದಾರ, ಧೂಳು ಎಲ್ಲ ಸೇರಿ ಒಂದು ಮೆತ್ತನೆಯ ಉಂಡೆಯಾಯಿತು. ಅದನ್ನು ಬಿಳಿ ಹಾಳೆಯ ಮೇಲೆ ಹರಡಿಕೊಂಡು, ತಲೆಗೆ ಭೂತಗನ್ನಡಿ ಕಟ್ಟಿಕೊಂಡು ಎಳೆ ಎಳೆಯಾಗಿ ಬಿಡಿಸಿದೆ. ರಾತ್ರಿ ಹನ್ನೊಂದೂವರೆ. ನನ್ನ ಬದುಕಿನಲ್ಲಿ ಯಾವ ಪುಸ್ತಕವನ್ನೂ ನಾನು ಅಷ್ಟು ಗಮನ ಕೊಟ್ಟು ಓದಿಲ್ಲ.

ಸಿಗಲಿಲ್ಲ.

ಅಕ್ಕಸಾಲಿಗರು ಈ ವಿಷಯದಲ್ಲಿ ಜಾಣರು. ಒಂದು ಬಗೆಯ ಮೇಜಿನಲ್ಲಿ ಅವರು ಕೂರುವ ಕಡೆ ಅರ್ಧಚಂದ್ರದ ಹಾಗೆ ಕೊರೆದಿರುತ್ತದೆ. ಅದರ ಕೆಳಗೆ ಚರ್ಮದ ಜೋಳಿಗೆ. ಅರ ಹಾಕಿದ ಚಿನ್ನದ ಪುಡಿ ನೆಲ ಮುಟ್ಟುವುದೇ ಇಲ್ಲ. ನಾವು ಮಾತ್ರ ಕ್ಲಿಪ್ಪರ್ ಹಿಡಿದು, ಕತ್ತರಿಸುವ ಚೂರನ್ನು ಇನ್ನೊಂದು ಕೈಯಿಂದ ಮುಚ್ಚದೆ, ಹಾರಿಹೋದ ಮೇಲೆ ಬೈದುಕೊಳ್ಳುತ್ತೇವೆ. ಬೆರಳು ಅಡ್ಡ ಇಟ್ಟು ಕತ್ತರಿಸಬೇಕು ಅಂತ ನನಗೆ ಗೊತ್ತಿಲ್ಲವಾ? ಚೆನ್ನಾಗಿ ಗೊತ್ತು. ಇನ್ನೊಬ್ಬರಿಗೆ ಹೇಳಿಯೂ ಇದ್ದೇನೆ.

ಇರಲಿ. ಹುಡುಗ ಕೇಳಿದ್ದು ಟೇಬಲ್ ವಿಷಯ.

ನಾನು ಮೊದಲು ಬಣ್ಣ ಹಚ್ಚುತ್ತಿದ್ದದ್ದು ಊಟದ ಮೇಜಿನ ಒಂದು ಮೂಲೆಯಲ್ಲಿ. ಹಳೇ ಪೇಪರ್ ಹಾಸಿ, ಒಂದು ಲೋಟ ನೀರು ಇಟ್ಟುಕೊಂಡರೆ ಆಯಿತು. ಆಗ ಒಂದು ಗೇಣು ಜಾಗ ಇತ್ತು. ಸಾಲದು ಅನ್ನಿಸಿತು. ನಾಲ್ಕು ಅಡಿಯ ಟೇಬಲ್ ಬಂತು. ಅದರ ಮೇಲೆ ಕತ್ತರಿಸುವ ಹಸಿರು ಮ್ಯಾಟ್, ಮ್ಯಾಟಿನ ಹಿಂದೆ ಮೆಟ್ಟಿಲಿನ ಹಾಗೆ ಬಾಟಲಿ ಸ್ಟ್ಯಾಂಡು, ಅದರ ಪಕ್ಕ ಡ್ರಾಯರ್‌ಗಳು, ಡ್ರಾಯರ್ ಮೇಲೆ ಅರ್ಧ ಮುಗಿದ ಇಪ್ಪತ್ತು ಸಿಪಾಯಿಗಳು. ಈಗಲೂ ನಾನು ಬಣ್ಣ ಹಚ್ಚುವುದು ಒಂದು ಗೇಣು ಜಾಗದಲ್ಲಿ. ಉಳಿದ ಮೂರೂ ಚಿಲ್ಲರೆ ಅಡಿ ಸಾಮಾನುಗಳದ್ದು. ಆರು ಅಡಿಯ ಟೇಬಲ್ ತಂದರೂ ನನಗೆ ಬಿಟ್ಟುಕೊಡುವುದು ಅದೇ ಗೇಣು. ಇದನ್ನು ಹುಡುಗನಿಗೆ ಹೇಳಿದರೆ ನಂಬುವುದಿಲ್ಲ. ವಿಡಿಯೋಗಳಲ್ಲಿ ನೋಡಿರುತ್ತಾನಲ್ಲ, ಕನ್ನಡಿಯ ಹಾಗೆ ಹೊಳೆಯುವ ಟೇಬಲ್, ಅದರ ಮೇಲೆ ಒಂದೇ ಒಂದು ಬ್ರಷ್, ಒಂದೇ ಒಂದು ಗೊಂಬೆ. ಆ ಟೇಬಲ್‌ಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕ್ಯಾಮೆರಾ ಸ್ವಲ್ಪ ಎಡಕ್ಕೆ ತಿರುಗಿಸಿ ಸ್ವಾಮಿ, ನೋಡೋಣ.

ದೀಪದ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಮೊದಲ ವರ್ಷ ನಾನು ಹಳದಿ ಬಲ್ಬಿನ ಕೆಳಗೆ ಕೂತು ಒಬ್ಬ ಸೇನಾಪತಿಯ ಮುಖ ಮಾಡಿದ್ದೆ. ಮೂರು ಸಂಜೆ ಹಿಡಿಯಿತು. ಕೆನ್ನೆಯಲ್ಲಿ ರಕ್ತ ಹರಿಯುತ್ತಿದೆಯೇನೋ ಅನ್ನುವ ಹಾಗಿತ್ತು. ಬೆಳಿಗ್ಗೆ ಕಿಟಕಿಯ ಹತ್ತಿರ ಹಿಡಿದರೆ ಹೆಣದ ಮುಖ. ಕೆಂಪು ಹಳದಿಯೆಲ್ಲ ಬಲ್ಬಿನದ್ದು, ನಾನು ಹಚ್ಚಿದ್ದಲ್ಲ. 5000ದಿಂದ 6500 ಕೆಲ್ವಿನ್ ಅಂತ ಬರೆದಿರುವ ದೀಪ ಹಗಲಿನ ಬೆಳಕಿಗೆ ಹತ್ತಿರ. ಅದರ ಜೊತೆ ಸಿಆರ್‌ಐ ಅಂತ ಒಂದು ಅಂಕಿ ಇರುತ್ತದೆ, ಆ ಬೆಳಕಿನಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಲೆಕ್ಕ, ಅದು 90ಕ್ಕಿಂತ ಜಾಸ್ತಿ ಇರಲಿ. ಎರಡು ದೀಪ, ಎರಡು ಕಡೆಯಿಂದ. ಇಲ್ಲದಿದ್ದರೆ ನಿಮ್ಮ ಕೈಯ ನೆರಳೇ ಸಿಪಾಯಿಯ ಮೇಲೆ ಬಿದ್ದು, ಅದನ್ನು ಬಣ್ಣ ಅಂತ ತಿಳಿದು ಮೋಸ ಹೋಗುತ್ತೀರಿ.

ಬ್ರಷ್ ಬಗ್ಗೆ ಹೇಳಬಾರದು ಅಂದುಕೊಂಡಿದ್ದೆ, ಸಿಟ್ಟು ಬರುತ್ತದೆ. ಹೊಸಬರೆಲ್ಲ ಮೂರು ಸೊನ್ನೆಯ ಬ್ರಷ್ ಕೊಳ್ಳುತ್ತಾರೆ. ಕಣ್ಣು ಚಿಕ್ಕದು, ಬ್ರಷ್ಷೂ ಚಿಕ್ಕದಿರಬೇಕು ಅನ್ನುವ ಲೆಕ್ಕ. ಅದರ ನಾಲ್ಕು ಕೂದಲಿನಲ್ಲಿ ನಿಲ್ಲುವ ಬಣ್ಣ ಪ್ಯಾಲೆಟ್‌ನಿಂದ ಗೊಂಬೆಯ ತನಕ ಬರುವಷ್ಟರಲ್ಲಿ ಒಣಗಿರುತ್ತದೆ. ಬೇಕಾದ್ದು ಚೂಪು ತುದಿ, ಸಣ್ಣ ಹೊಟ್ಟೆಯಲ್ಲ. ಒಂದನೇ ನಂಬರ್ ಸಾಕು. 1866ರಲ್ಲಿ ವಿಕ್ಟೋರಿಯಾ ರಾಣಿ ವಿನ್ಸರ್ ಅಂಡ್ ನ್ಯೂಟನ್ ಕಂಪನಿಗೆ ಅತ್ಯುತ್ತಮ ಜಲವರ್ಣದ ಬ್ರಷ್ ಮಾಡಿಕೊಡಿ ಅಂತ ಹೇಳಿಕಳಿಸಿದಳು, ಅವಳಿಗೆ ಇಷ್ಟವಾದ ಅಳತೆ ಏಳನೇ ನಂಬರ್. ಇವತ್ತಿಗೂ ಅವರ ‘ಸೀರೀಸ್ 7’ ಬ್ರಷ್‌ಗಳಿಗೆ ಆ ಹೆಸರೇ. ರಾಣಿಯೇ ಏಳರಲ್ಲಿ ಕೆಲಸ ಮಾಡುತ್ತಿದ್ದಳು, ನಮಗೆ ಮೂರು ಸೊನ್ನೆ ಬೇಕಂತೆ!

ಹಾಗೆ ತಂದ ಒಳ್ಳೆಯ ಬ್ರಷ್ಷನ್ನು ಹಾಳು ಮಾಡುವುದು ಅದರ ಜೊತೆ ಬರುವ ಪ್ಲಾಸ್ಟಿಕ್ ಕೊಳವೆ. ತೊಳೆದು, ತುದಿ ಚೂಪು ಮಾಡಿ, ಜೋಪಾನ ಅಂತ ಕೊಳವೆ ಹಾಕುತ್ತೇವೆ. ಒಂದು ಕೂದಲು ಹೊರಗೆ ಉಳಿದು ಮಡಿಸಿಕೊಳ್ಳುತ್ತದೆ. ಮಾರನೇ ದಿನ ಆ ಕೂದಲು ಕೊಕ್ಕೆ. ಇನ್ನು ಜನ್ಮದಲ್ಲಿ ನೆಟ್ಟಗಾಗುವುದಿಲ್ಲ. ಕಣ್ಣಿನ ಗುಡ್ಡೆ ಇಡುವಾಗ ಅದೇ ಹೋಗಿ ಹುಬ್ಬಿಗೆ ತಾಗುತ್ತದೆ. ಕೊಳವೆ ಎಸೆದುಬಿಡಿ.

ಒದ್ದೆ ಪ್ಯಾಲೆಟ್ಟೂ ಬೇಕು. ಡಬ್ಬಿ, ಸ್ಪಾಂಜು, ಮೇಲೆ ಬೇಕಿಂಗ್ ಕಾಗದ, ನೀರು. ಬಣ್ಣ ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ. ಮರೆತು ಎರಡು ವಾರ ಬಿಟ್ಟು ಮುಚ್ಚಳ ತೆಗೆದರೆ ಏನು ವಾಸನೆ ಬರುತ್ತದೆ ಅಂತ ಮಾತ್ರ ಕೇಳಬೇಡಿ.

ಸರಿ, ಎಡಗೈ. ಮೂರನೇ ದಿನ ನಾನೇ ಒಂದು ಮಾಡಿದೆ. ಹಳದಿ ಪಟ್ಟಿ, ನೀಲಿ ಪಟ್ಟಿ ಸೇರಿಸಿ ನಾದಿದರೆ ಹಸಿರಾಗುವ ಎಪಾಕ್ಸಿ ಮಣ್ಣು ಇದೆಯಲ್ಲ, ಅದರಲ್ಲಿ. ಒಂದು ಗಂಟೆ ಕೂತು ಐದು ಬೆರಳು ತೀಡಿದೆ. ದೂರದಿಂದ ಮುಷ್ಟಿ, ಹತ್ತಿರದಿಂದ ಹೂಕೋಸು. ರಾತ್ರಿ ಗಟ್ಟಿಯಾಗಲಿ ಅಂತ ಬಿಟ್ಟು, ಬೆಳಿಗ್ಗೆ ಸೂಪರ್ ಗ್ಲೂ ಹಾಕಿ ಕೂರಿಸಿದೆ. ಈ ಅಂಟಿನ ಕತೆ ಗೊತ್ತಾ? 1942ರಲ್ಲಿ ಹ್ಯಾರಿ ಕೂವರ್ ಅನ್ನುವವರು ಕೋವಿಯಲ್ಲಿ ಗುರಿ ನೋಡುವ ಸಾಧನಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದಾಗ ಸಿಕ್ಕಿದ್ದು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆ, ಉಪಯೋಗವಿಲ್ಲ ಅಂತ ಬದಿಗಿಟ್ಟರು. ಅಂಗಡಿಗೆ ಬಂದದ್ದು 1958ರಲ್ಲಿ. ನನ್ನ ಅನುಭವ ಹೇಳುವುದಾದರೆ ಮೊದಲಿನ ತೀರ್ಮಾನವೇ ಸರಿ. ತೇವ ಸಿಕ್ಕರೆ ಅದು ಬೇಗ ಕಚ್ಚಿಕೊಳ್ಳುತ್ತದೆ, ಮನುಷ್ಯನ ಬೆರಳಿನಲ್ಲಿ ತೇವಕ್ಕೇನು ಕಮ್ಮಿ? ಸಿಪಾಯಿ ಹತ್ತು ನಿಮಿಷ ನನ್ನ ಹೆಬ್ಬೆರಳಿನಲ್ಲೇ ನಿಂತಿದ್ದ.

ಕೊನೆಗೆ ಅವನಿಗೆ ಗುರಾಣಿ ಅಂಟಿಸಿದೆ. ಅಂಟಿಸಿದ ಮೇಲೆ ಡಬ್ಬಿಯ ಮೇಲಿನ ಚಿತ್ರ ನೋಡಿದೆ. ಎಡಗೈ ಗುರಾಣಿಯ ಹಿಂದೆ. ಯಾವ ಕಡೆಯಿಂದ ನೋಡಿದರೂ ಕಾಣುವುದಿಲ್ಲ.

ಸಂಜೆ ಹುಡುಗ ಮತ್ತೆ ಫೋನ್ ಮಾಡಿದ. “ಮಾಮಾ, ಕೈ ವಾಸಿಯಾಯ್ತಾ? ಲಿಸ್ಟ್ ಹೇಳ್ತೀನಿ ಅಂದಿದ್ರಿ.”

“ಬರ್ಕೋ. ಮೊದಲನೇದು, ಟಾರ್ಚು.”

“ಟಾರ್ಚಾ?”

ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಕೂಗು. “ರೀ, ಕಾಲಿಗೆ ಏನೋ ಚುಚ್ತು!”

“ಅಲ್ಲಾಡಬೇಡ! ಹಾಗೇ ನಿಂತ್ಕೋ!”

ಫೋನ್ ಕುರ್ಚಿಯ ಮೇಲೆ ಎಸೆದು, ಟಾರ್ಚು, ಚಿಮಟ ಎರಡನ್ನೂ ಹಿಡಿದು ಓಡಿದೆ. ಅವಳು ಒಂಟಿಕಾಲಿನಲ್ಲಿ ನಿಂತಿದ್ದಳು. ಪಾದಕ್ಕೆ ಬೆಳಕು ಬಿಟ್ಟೆ. ಬೂದು ಬಣ್ಣದ ಚೂರು. ಮೆಲ್ಲಗೆ ಚಿಮಟದಲ್ಲಿ ಎತ್ತಿ ತಿರುಗಿಸಿ ನೋಡಿದೆ.

ಕುದುರೆಯ ಕಿವಿ. ನಾನು ಇವತ್ತಿನ ತನಕ ಒಂದು ಕುದುರೆಯನ್ನೂ ಕೊಂಡಿಲ್ಲ.