ಚೆಲ್ಲಿದ್ರೆ 5000, ಇಟ್ಕೊಂಡ್ರೆ 400

ನಮ್ಮನೆ ಹಿತ್ಲಲ್ಲಿ ಒಂದು ನೀಲಿ ಡ್ರಮ್ ಇದೆ. ಬೆಂಗಳೂರಲ್ಲಿ ಬಾಡಿಗೆ ಮನೆ ಮಾಡಿದವ್ರಿಗೆ ಆ ಡ್ರಮ್ ಬಗ್ಗೆ ಹೇಳೋದೇ ಬೇಡ, ಗ್ಯಾಸ್ ಕನೆಕ್ಷನ್‌ಗಿಂತ ಮುಂಚೆ ಅದು ಮನೆ ಸೇರಿರುತ್ತೆ. 2024ರ ಮಾರ್ಚಲ್ಲಿ ಎಷ್ಟೋ ಬೋರ್‌ವೆಲ್‌ಗಳು ಕೈಕೊಟ್ಟು ಟ್ಯಾಂಕರ್‌ನೋರ ಕಾಲು ಹಿಡಿಯೋ ಹಾಗಾಯ್ತಲ್ಲ, ಆಗ ಜಲಮಂಡಳಿಯೋರು ಕುಡಿಯೋ ನೀರಲ್ಲಿ ಕಾರು ತೊಳೆದ್ರೆ, ಗಾರ್ಡನ್‌ಗೆ ಬಿಟ್ರೆ 5000 ರೂಪಾಯಿ ದಂಡ ಅಂದ್ರು. ನಮ್ಮತ್ತೆ ಹೆದರಿಬಿಟ್ರು. ನಲ್ಲಿ ಬಂದ ದಿನ ಡ್ರಮ್ಮು, ಬಕೆಟ್ಟು, ಕೊಡ, ಕೊನೆಗೆ ಅಟ್ಟದ ಮೇಲಿದ್ದ ಅವ್ರ ಮದುವೆ ಕಾಲದ ಹಂಡೆನೂ ಇಳಿಸಿ ತುಂಬಿಟ್ರು. ಒಂದು ತೊಟ್ಟು ಚೆಲ್ಲಿದ್ರೂ ನನ್ನ ಕಡೆ ನೋಡೋ ನೋಟ ಹೇಗಿತ್ತು ಅಂದ್ರೆ ಜಲಮಂಡಳಿಯೋರೇ ವಾಸಿ.

ಆರು ತಿಂಗಳು ಕಳೀತು, ಸೆಪ್ಟೆಂಬರ್ ಬಂತು. ಸರ್ಕಾರ ಡೆಂಗಿನ ಸಾಂಕ್ರಾಮಿಕ ಕಾಯಿಲೆ ಅಂತ ಘೋಷಣೆ ಮಾಡ್ತು, ಜೊತೆಗೊಂದು ರೇಟ್ ಕಾರ್ಡು. ಮನೇಲಿ ಸೊಳ್ಳೆ ಹುಟ್ಟೋ ಹಾಗೆ ನೀರು ನಿಲ್ಲಿಸಿದ್ರೆ ಸಿಟಿಲಿ 400, ಹಳ್ಳೀಲಿ 200. ಹೋಟೆಲ್ಲು, ಆಫೀಸು, ಅಂಗಡಿ ಆದ್ರೆ 1000 ಮತ್ತು 500. ಖಾಲಿ ಸೈಟು, ಕಟ್ಟಡ ಕಟ್ತಿರೋ ಜಾಗ ಆದ್ರೆ 2000 ಮತ್ತು 1000. ಹಳ್ಳಿ ಸೊಳ್ಳೆ ಕಚ್ಚಿದ್ರೆ ಅರ್ಧ ಜ್ವರ ಬರುತ್ತೋ ಏನೋ ಗೊತ್ತಿಲ್ಲ, ದಂಡ ಮಾತ್ರ ಅರ್ಧ. ಕೋಟಿಗಟ್ಲೆ ಬೆಲೆಯ ಅಪಾರ್ಟ್‌ಮೆಂಟ್ ಏಳ್ತಿದೆಯಲ್ಲ, ಸೆಲ್ಲಾರ್‌ಗೆ ಅಗೆದ ಹೊಂಡದಲ್ಲಿ ಎಮ್ಮೆ ಈಜೋವಷ್ಟು ನೀರು ನಿಂತಿರುತ್ತೆ, ಅದಕ್ಕೆ 2000. ಬಿಲ್ಡರ್ ಒಂದು ಹೊತ್ತಿನ ಊಟದ ಬಿಲ್ಲು ಅದು.

ರಸ್ತೆ ಗುಂಡಿಗೆ ಎಷ್ಟು ಅಂತ ಹುಡುಕಿದೆ, ಕಾಲಂ ಸಿಗಲಿಲ್ಲ. ನ್ಯಾಯವಾಗಿ ಹೇಳ್ಬೇಕು ಅಂದ್ರೆ ಡೆಂಗಿ ಹರಡೋ ಈಡಿಸ್ ಸೊಳ್ಳೆಗೆ ತಿಳಿ ನೀರೇ ಹೆಚ್ಚು ಇಷ್ಟ, ನಮ್ಮ ಗುಂಡಿ ನೀರು ನೋಡಿ ಅದೂ ಮೂಗು ಮುಚ್ಕೊಂಡು ಮುಂದಕ್ಕೆ ಹೋಗುತ್ತೆ. ಅಲ್ಲಿಗೆ ಸರ್ಕಾರ ಬಚಾವ್, ನಾವು ನೀರನ್ನ ಸೋಸಿ ಇಟ್ಕೊಂಡಿದ್ದೇ ತಪ್ಪು.

ಇನ್ನು ಫಾಗಿಂಗ್. ಸಂಜೆ ಆದ್ಮೇಲೆ ಡರ್ರ್ ಅಂತ ಸೌಂಡ್ ಮಾಡ್ಕೊಂಡು ಬರ್ತಾರೆ, ಮೋರಿ ಪಕ್ಕ ಹೊಗೆ ಬಿಡ್ತಾರೆ, ಮಕ್ಕಳು ಅದರ ಹಿಂದೆ ಓಡ್ತಾರೆ, ಯಾರೋ ಒಬ್ರು ಮಾಜಿ ನಿಂತು ಫೋಟೋ ತೆಗೆಸ್ಕೋತಾರೆ (ಹಾಲಿ ಕಾರ್ಪೊರೇಟರ್ ಅಂತ ಬೆಂಗಳೂರಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಮೇಲೆ ಯಾರಿದ್ರು ಹೇಳಿ, ಎಲ್ರೂ ಮಾಜಿನೇ). ಈಗ ಕಥೆ ಏನಪ್ಪಾ ಅಂದ್ರೆ ಮೋರೀಲಿ ಹುಟ್ಟೋದು ಕ್ಯೂಲೆಕ್ಸ್ ಅನ್ನೋ ಬೇರೆ ಜಾತಿ ಸೊಳ್ಳೆ, ರಾತ್ರಿ ಕಿವೀಲಿ ಗುಂಯ್ ಅನ್ನೋದು ಅದೇ, ಅದಕ್ಕೂ ಡೆಂಗಿಗೂ ಸಂಬಂಧವೇ ಇಲ್ಲ. ಈಡಿಸ್ ಹಗಲು ಡ್ಯೂಟಿ ಮಾಡುತ್ತೆ, ಕಾಲಲ್ಲಿ ಬಿಳಿ ಪಟ್ಟೆ, ಫಾಗಿಂಗ್ ಗಾಡಿ ಬರೋ ಹೊತ್ತಿಗೆ ನಮ್ಮ ಬೀರು ಹಿಂದೆ, ಮಂಚದ ಕೆಳಗೆ ರೆಸ್ಟ್ ತಗೋತಿರುತ್ತೆ, ನಾವೇ ಹೊಗೆ ಒಳಗೆ ಬರ್ಬಾರ್ದು ಅಂತ ಕಿಟಕಿ ಹಾಕಿ ಅದಕ್ಕೆ ಬಂದೋಬಸ್ತ್ ಕೊಡ್ತೀವಿ. ಆ ಹೊಗೆಗೆ ನೀರೊಳಗಿನ ಮರಿಹುಳ ಸಾಯಲ್ಲ, ಮೊಟ್ಟೆ ಅಂತೂ ಕೇಳ್ಲೇಬೇಡಿ, ಪಾತ್ರೆ ಗೋಡೆಗೆ ಅಂಟ್ಕೊಂಡು ಒಣಗಿದ್ರೂ ತಿಂಗಳುಗಟ್ಲೆ ಕಾಯುತ್ತೆ. ಮತ್ತೆ ನೀರು ತಾಗಿದ್ರೆ ಸಾಕು, ವಾರ ಹತ್ತು ದಿನದಲ್ಲಿ ರೆಕ್ಕೆ ಬಂದು ಹಾರುತ್ತೆ. ಹೊಗೆ ಪೂರ್ತಿ ವೇಸ್ಟ್ ಅಂತಲ್ಲ, ಜ್ವರ ಬಂದಿರೋ ಮನೆ ಸುತ್ತ, ಮನೆ ಒಳಗೆ ಹಾಕಿದ್ರೆ ಒಂದಷ್ಟು ಪ್ರಯೋಜನ ಉಂಟು. ಆದ್ರೆ ಒಳಗೆ ಹಾಕಿದ್ರೆ ಫೋಟೋ ಬರಲ್ವಲ್ಲ.

ಈ ಉದಾಸೀನ ಏನು ಹೊಸ ರೋಗ ಅಲ್ಲ ಬಿಡಿ. ಮಲೇರಿಯಾ ಸೊಳ್ಳೆಯಿಂದ ಬರುತ್ತೆ ಅನ್ನೋದನ್ನ 1897ರಲ್ಲಿ ಸಿಕಂದರಾಬಾದಲ್ಲಿ ಕಂಡುಹಿಡಿದು 1902ರಲ್ಲಿ ನೊಬೆಲ್ ತಗೊಂಡ ರೊನಾಲ್ಡ್ ರಾಸ್ ಇದ್ದಾರಲ್ಲ, ಅವ್ರು ಅದಕ್ಕೂ ಮುಂಚೆ 1883ರಲ್ಲಿ ನಮ್ಮ ಬೆಂಗಳೂರು ದಂಡಿನಲ್ಲೇ ಮಿಲಿಟರಿ ಡಾಕ್ಟರ್ ಆಗಿದ್ರು. ಬಂಗಲೆ ತುಂಬಾ ಸೊಳ್ಳೆ. ನೋಡ್ತಾರೆ, ಕಿಟಕಿ ಹೊರಗಡೆ ನೀರಿನ ತೊಟ್ಟೀಲಿ ಹುಳ ಕುಣೀತಿವೆ. ತೊಟ್ಟಿ ಬೋರಲು ಹಾಕಿದ್ರು, ಸೊಳ್ಳೆ ಕಮ್ಮಿ ಆಯ್ತು. ಖುಷಿಯಾಗಿ ಹೋಗಿ ಅಡ್ಜುಟೆಂಟ್‌ಗೆ, ಅಂದ್ರೆ ಪಡೆಯ ಆಡಳಿತ ನೋಡ್ಕೊಳ್ಳೋ ಅಧಿಕಾರಿಗೆ, ಹೇಳಿದ್ರಂತೆ, ಮೆಸ್‌ನಲ್ಲಿರೋ ಹೂದಾನಿ, ತೊಟ್ಟಿಗಳನ್ನೂ ಹೀಗೇ ಖಾಲಿ ಮಾಡ್ಸೋಣ ಅಂತ. ಆ ಮನುಷ್ಯ ಒಪ್ಲೇ ಇಲ್ಲ, ಸೊಳ್ಳೆನ ದೇವ್ರು ಏನೋ ಒಂದು ಉದ್ದೇಶಕ್ಕೆ ಸೃಷ್ಟಿ ಮಾಡಿದ್ದಾನೆ, ಸಹಿಸ್ಕೊಳ್ಳೋದು ನಮ್ಮ ಕರ್ತವ್ಯ ಅಂದ್ನಂತೆ. ರಾಸ್ ತಮ್ಮ ಆತ್ಮಕಥೇಲೇ ಬರ್ಕೊಂಡಿದ್ದಾರೆ. ಫೈಲ್ ಮೇಲೆ ಬಿದ್ದ ಆ ಷರಾ ಇವತ್ತಿಗೂ ಜಾರೀಲಿದೆ ಅಂತ ನನ್ನ ಅನುಮಾನ.

ಈಗ ನಗರನ ಐದು ಪಾಲಿಕೆ ಮಾಡಿದ್ದಾರೆ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ, ಕೇಂದ್ರ. ಈಡಿಸ್ ಜೀವಮಾನದಲ್ಲಿ ಹಾರೋದೇ ಕೆಲವು ನೂರು ಮೀಟರ್, ಹುಟ್ಟಿದ ಬೀದಿ ಬಿಟ್ಟು ಹೋಗಲ್ಲ, ಪಾಪ ಗೃಹಸ್ಥ ಪ್ರಾಣಿ. ಆದ್ರೂ ಗಡಿ ಬೀದೀಲಿ ಆ ಕಡೆ ಪೂರ್ವದಲ್ಲಿ ಹುಟ್ಟಿ ಈ ಕಡೆ ಕೇಂದ್ರದಲ್ಲಿ ಕಚ್ಚಿದ್ರೆ ಕೇಸು ಯಾರ ಲೆಕ್ಕಕ್ಕೆ ಬರುತ್ತೆ ಅಂತ ಒಂದು ಮೀಟಿಂಗ್ ಆಗ್ಲೇಬೇಕು, ಬಿಸ್ಕತ್ತು ಟೀ ಸಮೇತ.

ಮೊನ್ನೆ ಲಾರ್ವಾ, ಅಂದ್ರೆ ಸೊಳ್ಳೆ ಮರಿಹುಳದ ಸರ್ವೇಗೆ ಒಬ್ಬ ಹುಡುಗಿ ಬಂದಿದ್ಲು. ಬಿಸಿಲಲ್ಲಿ ದಿನಕ್ಕೆ ಎಷ್ಟು ಮೆಟ್ಲು ಹತ್ತಿ ಇಳೀತಾಳೋ, ಈ ಇಡೀ ನಾಟಕದಲ್ಲಿ ನಿಜವಾಗ್ಲೂ ಕೆಲಸ ಮಾಡೋರು ಅಂದ್ರೆ ಇವ್ರೇ. ಡ್ರಮ್‌ಗೆ ಟಾರ್ಚ್ ಬಿಟ್ಟು ನೋಡಿ, "ಅಮ್ಮಾ, ಹುಳ ಆಗಿದೆ. ಬರೀ ಚೆಲ್ಲಿದ್ರೆ ಸಾಲಲ್ಲ, ಒಳಗೋಡೆಗೆ ಮೊಟ್ಟೆ ಅಂಟಿರುತ್ತೆ, ನಾರಲ್ಲಿ ಚೆನ್ನಾಗಿ ಉಜ್ಜಿ ಒಣಗಿಸಿ, ವಾರಕ್ಕೊಂದು ಸಲ ಡ್ರೈ ಡೇ ಮಾಡಿ" ಅಂದ್ಲು. ಡ್ರೈ ಡೇ ಅಂದ ತಕ್ಷಣ ಪಕ್ಕದ್ಮನೆ ಅಂಕಲ್ ಕಾಂಪೌಂಡ್ ಆಚೆಯಿಂದ ಗಾಬರಿಯಾಗಿ ಇಣುಕಿದ್ರು.

ನಮ್ಮತ್ತೆ ಸೆರಗು ಸೊಂಟಕ್ಕೆ ಸಿಗಿಸ್ಕೊಂಡು ಡ್ರಮ್ ವಾಲಿಸಿ, ಅರ್ಧಕ್ಕೆ ನಿಲ್ಲಿಸಿ ಕೇಳಿದ್ರು, "ಅಲ್ಲ ಕಣಮ್ಮಾ, ಇಷ್ಟು ನೀರನ್ನ ಗಿಡಕ್ಕೆ ಹುಯ್ದ್ರೆ ಅವ್ರು 5000 ಕೇಳಲ್ವಾ?"

ಹುಡುಗಿ ರಿಜಿಸ್ಟರ್‌ನಿಂದ ತಲೆ ಎತ್ತದೇ ಹೇಳಿದ್ಲು, "ಅದು ಬೇರೆ ಡಿಪಾರ್ಟ್‌ಮೆಂಟ್ ಅಮ್ಮಾ."