ಅಡಾ ಲಿಮೋನ್ ಅವರ ಕವಿತೆ ಯುರೋಪಾದ ಮೇಲೆ ಇಳಿದಿಲ್ಲ: ಒಂದು ಸ್ಪಷ್ಟನೆ

ಅಮೆರಿಕದ ಕವಯಿತ್ರಿ ಅಡಾ ಲಿಮೋನ್ ಅವರ ಕವಿತೆಯನ್ನು ಹೊತ್ತ ನಾಸಾ ನೌಕೆಯು ಗುರುಗ್ರಹದ ಉಪಗ್ರಹವಾದ ಯುರೋಪಾದ ಮೇಲೆ ಇಳಿದಿದೆ ಎಂದು ನಾನು ವಾಟ್ಸ್ಆ್ಯಪ್ ಗುಂಪುಗಳಿಗೆ ಕಳುಹಿಸಿದ್ದ ಸಂದೇಶ ತಪ್ಪು. 2024ರ ಅಕ್ಟೋಬರ್ 14ರಂದು ಹೊರಟ ‘ಯುರೋಪಾ ಕ್ಲಿಪರ್’ ಇನ್ನೂ ದಾರಿಯಲ್ಲಿದೆ. ನಾಸಾ ಪ್ರಕಟಿಸಿರುವ ಯೋಜನೆಯಂತೆ ಅದು 2030ರ ಏಪ್ರಿಲ್‌ನಲ್ಲಿ ಗುರುವನ್ನು ತಲುಪಿ, ಆ ಗ್ರಹವನ್ನು ಸುತ್ತುತ್ತಲೇ ಯುರೋಪಾದ ಸಮೀಪ ಸುಮಾರು 49 ಬಾರಿ ಹಾದುಹೋಗಲಿದೆಯೇ ಹೊರತು ಅಲ್ಲಿ ಇಳಿಯುವುದಿಲ್ಲ. ಈ ಯಾನಕ್ಕೆಂದೇ ಬರೆದ ಕವಿತೆಯನ್ನು ಕವಯಿತ್ರಿಯ ಕೈಬರಹದಲ್ಲೇ ಟ್ಯಾಂಟಲಮ್ ಲೋಹದ ಫಲಕದ ಮೇಲೆ ಕೆತ್ತಲಾಗಿದೆ ಎಂಬುದು ಮಾತ್ರ ನಿಜ, ಮತ್ತು ನನ್ನ ಮನಸ್ಸನ್ನು ತಟ್ಟಿದ್ದೂ ಅದೇ. ಪೀಟರ್ ಸಿಸ್ ಅವರ ಚಿತ್ರಗಳೊಂದಿಗೆ ಅದು 2024ರಲ್ಲಿ ಮಕ್ಕಳ ಪುಸ್ತಕವಾಗಿಯೂ ಪ್ರಕಟವಾಗಿದೆ. ಹಳೆಯ ಸಂದೇಶವನ್ನು ದಯವಿಟ್ಟು ಇನ್ನು ಯಾರಿಗೂ ಕಳುಹಿಸಬೇಡಿ.